ಭೇದಿಯ ವಂಶಾವಳಿ

ನಮ್ಮ ಕಾಕಾನಿಗೆ ಸ್ವಂತ ಅಣ್ಣನ ಮಕ್ಕಳ ಹೆಸರು ನೆನಪಿರುವುದಿಲ್ಲ. ಭೇದಿ ತರಿಸುವ ಕ್ರಿಮಿಗಳ ಏಳು ತಲೆಮಾರು ಮಾತ್ರ ಬಾಯಿಪಾಠ! ಪುಣೆಯ ಪ್ರಯೋಗಾಲಯವೊಂದರಲ್ಲಿ ಅವುಗಳ ಜೀನು ಓದುವುದೇ ಅವನ ನೌಕರಿ. ಅದಕ್ಕೂ ಪಗಾರ ಕೊಡುತ್ತಾರೆಂದರೆ ದೇಶ ಮುಂದುವರಿದಿದೆ ಎಂದೇ ಅರ್ಥವಲ್ಲವೇ?

ಎರಡು ಸಾವಿರನೇ ಇಸವಿಯ ಆಚೀಚೆ, ನಮ್ಮೂರು ಘೋಡಗೇರಿಯಲ್ಲಿ ಅಕ್ಕನ ನಿಶ್ಚಿತಾರ್ಥ. ರಜೆಗೆ ಬಂದಿದ್ದ ಕಾಕಾ ಶ್ರೀಖಂಡ ತಾನೇ ಮಾಡುತ್ತೇನೆಂದು ಹಟ ಹಿಡಿದ. ಮೊಸರು ಮಾರುವ ಕುರಿಗಾರರ ಮನೆಯ ನೀಲವ್ವ ತಂದ ಎಮ್ಮೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ನೀರು ಬಸಿದು, ಸಕ್ಕರೆ ಹಾಕಿ ಕೈಯಾರೆ ತಿಕ್ಕಿದ. ಮರುದಿನ ಬೀಗರೂ ಊರವರೂ ಜಾತಿಭೇದ ಮರೆತು ಕಬ್ಬಿನ ಹೊಲಕ್ಕೆ ಓಡಿದರು!

ಸರಕಾರಿ ದವಾಖಾನೆಯ ಪರೀಕ್ಷೆಯಲ್ಲಿ ಉಳಿದ ಮೊಸರಿನಲ್ಲೂ ಇ. ಕೋಲೈ ಎಂಬ ಕ್ರಿಮಿ, ರೋಗಿಗಳಲ್ಲೂ ಇ. ಕೋಲೈ. ಮುಗಿಯಿತಲ್ಲ! ನೀಲವ್ವನ ಗಡಿಗೆಯ ಹತ್ತಿರ ಯಾರೂ ಸುಳಿಯದಾದರು. ಗೋಕಾಕದ ಕಾಲೇಜಿಗೆ ಚರ್ಚಾಸ್ಪರ್ಧೆಯ ಢಾಲು ಗೆದ್ದುಕೊಟ್ಟ ನಾನೂ ತೀರ್ಪು ಕೊಟ್ಟೆ: "ಎರಡೂ ಕಡೆ ಒಂದ ಕ್ರಿಮಿ. ಇನ್ನೇನ ಪುರಾವೆ ಬೇಕ ಕಾಕಾ?"

"ಲೇ ಶಾಣ್ಯಾ, ಮೂಡಲಗಿ ಸಂತ್ಯಾಗ ನಿನ್ನ ಹೆಸರಿನವ್ರು ಹತ್ತ ಮಂದಿ ಸಿಗ್ತಾರ. ಒಬ್ಬಾಂವ ಕಳವು ಮಾಡಿದ್ರ ಹತ್ತೂ ಮಂದೀನ ಒಳಗ ಹಾಕ್ತಿಯೇನ? ಜೀನ್ ನೋಡಬೇಕ!"

ಹೀಗೆಂದು ಡಬ್ಬಿ ಹಿಡಿದು, ಭೇದಿಯಾದವರು ಆಗದವರು ಎನ್ನದೆ ಎಲ್ಲರ ಮನೆಗೂ ಹೊರಟ. ಬೀಗರ ಮನೆಗೆ ಜನ ಹಣ್ಣು ಒಯ್ಯುತ್ತಾರೆ. ಇವನು ಮಲ ಬೇಡಿದ! "ಏನ್ರಿ, ಇದನ್ನೂ ವರದಕ್ಷಿಣಿ ಒಳಗ ಹಿಡದೀರೇನ್ರಿ?" ಎಂದರು ಹುಕ್ಕೇರಿಯ ಬೀಗರು. ಕೊನೆಯ ಡಬ್ಬಿ ಅವನದೇ.

"ನಿನಗ ಏನೂ ಆಗಿಲ್ಲಲ್ಲೋ ಕಾಕಾ?"

"ಶ್ರೀಖಂಡ ತಿಕ್ಕಿದಾಂವ ನಾನ."

ಹುಚ್ಚಿಗೂ ಒಂದು ಶಿಸ್ತು!

ಮೂರು ತಿಂಗಳ ಮೇಲೆ ಕ್ರಿಮಿಗಳ ಜೀನಿನ ಗುರುತು ತೋರಿಸುವ ಕಪ್ಪು ಪಟ್ಟಿಗಳಿದ್ದ ಒಂದು ಫೋಟೋ ತಂದ. ಮೊಸರಿನದು ನಿರುಪದ್ರವಿ, ಬೇರೆಯೇ ವಂಶ. ರೋಗಿಗಳದ್ದೆಲ್ಲ ಒಂದೇ ವಂಶ. ಆರೋಗ್ಯವಾಗಿದ್ದವರಲ್ಲಿ ಅದಕ್ಕೆ ಗೆರೆಗೆ ಗೆರೆ ಕೂಡಿದ್ದು ಒಂದೇ ಡಬ್ಬಿ.

"ಯಾರದು?" ಎಂದೆ.

"ನಂದು."

ಇಂಥದ್ದನ್ನು ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ಕಾಕಾ ನೆಟ್ಟಗೆ ನೀಲವ್ವನ ಅಂಗಳಕ್ಕೆ ಹೋಗಿ, ಓಣಿಯ ಜನರೆಲ್ಲ ನೋಡುತ್ತಿರುವಂತೆ ಕೈಮುಗಿದ: "ನಿನ್ನ ಮೊಸರಿಂದಲ್ಲ ಯವ್ವಾ, ನನ್ನ ಕೈಯಿಂದಾತು. ನನಗೇನೂ ಮಾಡದ ಆ ಕ್ರಿಮಿ ನನ್ನ ಹೊಟ್ಟ್ಯಾಗ ಇತ್ತು."

ಮೂರು ತಿಂಗಳ ವ್ಯಾಪಾರ ಹೋದ ಹೆಂಗಸು! ಬೈಗುಳ ಕೇಳಲು ನಾನು ಸಿದ್ಧನಾಗಿ ನಿಂತೆ. ನೀಲವ್ವ ಅವನ ಹೊಟ್ಟೆಯನ್ನೇ ನೋಡುತ್ತ ಕೇಳಿದಳು:

"ಔಷಧ ತಗೊಂಡಿ ಇಲ್ಲೋ, ತಮ್ಮಾ?"

ತೀರ್ಪು ಕೊಟ್ಟಿದ್ದ ನಾನೇ ಎಲ್ಲರಿಗಿಂತ ಮೊದಲು, ಅವಳ ಮೊಸರಿಗೆ ಪಾತ್ರೆ ತರಲು ಮನೆಗೆ ಓಡಿದೆ.