ಸೀಟು ತುಂಬಿಸಿದ ಚಾಲಕನ ಅಹವಾಲು

ಇಂದ:
ಕ್ವಾಕು ಅಡೊಮಾಕೊ,
ಚಾಲಕ (ಅಮಾನತಿನಲ್ಲಿ),
ತೆಚಿಮಾನ್, ಘಾನಾ

ಗೆ:
ವ್ಯವಸ್ಥಾಪಕರು,
ಸರ್ಕಾರಿ ಬಸ್ ಡಿಪೊ

ವಿಷಯ: ಅಮಾನತು ರದ್ದುಪಡಿಸಿ ಕೆಲಸಕ್ಕೆ ಮರಳಿ ಸೇರಿಸಿಕೊಳ್ಳುವ ಕುರಿತು.

ಉಲ್ಲೇಖ: ೧. ತಮ್ಮ ಅಮಾನತು ಆದೇಶ. ೨. ನನ್ನ ಹೆಂಡತಿ ಸೇರ್ವಾಳ ಮೌಖಿಕ ಆದೇಶ.

ಮಾನ್ಯರೇ,

ನಮ್ಮ ದೇಶದ್ದು ಮಿಶ್ರ ಆರ್ಥಿಕತೆ, ಸರ್ಕಾರಿಯೂ ಖಾಸಗಿಯೂ ಒಟ್ಟಿಗೇ ನಡೆಯುತ್ತವೆ ಎಂದು ರೇಡಿಯೋದಲ್ಲಿ ಕೇಳಿದ್ದೇನೆ. ನಾನು ವಾರಕ್ಕೆ ನಾಲ್ಕು ದಿನ ತಮ್ಮ ಬಸ್ಸನ್ನೂ ಎರಡು ದಿನ ಹೆಂಡತಿಯ ಖಾಸಗಿ ಟ್ರೋಟ್ರೋ ವ್ಯಾನನ್ನೂ ಓಡಿಸುವವನು. ದೇಶಕ್ಕೆ ಒಗ್ಗಿದ್ದು ನನ್ನ ತಲೆಗೆ ಒಗ್ಗಲಿಲ್ಲ.

೧. ತಮ್ಮ ಬಸ್ಸು ಗಂಟೆ ನೋಡಿ ಹೊರಡಬೇಕು. ಹೆಂಡತಿಯ ವ್ಯಾನು ಸೀಟು ತುಂಬಿದ ಮೇಲೆ. ಕಳೆದ ಮಂಗಳವಾರ ಬೆಳಿಗ್ಗೆ ಆರಕ್ಕೆ ಕುಮಾಸಿಗೆ ಹೋಗುವ ಬಸ್ಸಿನಲ್ಲಿ ಹನ್ನೊಂದೇ ಜನರಿದ್ದರು. ಖಾಲಿ ಸೀಟು ಕಂಡ ಕೂಡಲೇ ನನ್ನ ಕೈ ತಾನಾಗಿ ಇಂಜಿನ್ ಆರಿಸಿತು.

೨. ಖಾಲಿ ಗಾಡಿಗೆ ಯಾರೂ ಹತ್ತುವುದಿಲ್ಲ. ಆದ್ದರಿಂದ ವ್ಯಾನ್ ನಿಲ್ದಾಣದ ಪದ್ಧತಿಯಂತೆ ಆರು ಜನ ಪರಿಚಯದವರನ್ನು ಪ್ರಯಾಣಿಕರ ಹಾಗೆ ಕೂರಿಸಿದೆ. ನಿಜವಾದ ಪ್ರಯಾಣಿಕರು ಬಂದಂತೆ ಇವರು ಒಬ್ಬೊಬ್ಬರೇ ಇಳಿಯುವುದು ವಾಡಿಕೆ. ಒಳಗೆ ಕಾದು ಕೂತಿದ್ದ, ಗೆಣಸು ಮಾರುವ ಹೆಂಗಸೊಬ್ಬರು, "ಏನಪ್ಪಾ ಡ್ರೈವರು, ಬಸ್ಸು ಹೊರಡುತ್ತೋ, ಇಲ್ಲೇ ಬೇರು ಬಿಡುತ್ತೋ?" ಎಂದರು.

"ತಡೀರಿ ಅವ್ವಾ, ಇನ್ನು ನಾಲ್ಕೇ ಸೀಟು."

"ಸರ್ಕಾರದ ಸಂಬಳ ತಗೊಂಡು ಹೆಂಡ್ತಿ ವ್ಯಾನಿನ ವ್ಯಾಪಾರ ಮಾಡ್ತೀಯಲ್ಲೋ!"

೩. ಎಂಟೂ ಹತ್ತಕ್ಕೆ ಬಸ್ಸು ತುಂಬಿದಂತೆ ಕಂಡು ಹೊರಟೆ. ಕೂರಿಸಿದವರಲ್ಲಿ ಮೂವರು ಅಲ್ಲೇ ನಿದ್ದೆ ಹೋಗಿದ್ದರು. ನಾನು ಹೂಡಿದ ಉಪಾಯಕ್ಕೆ ನಾನೇ ಮರುಳಾಗಿದ್ದೆ. ದಾರಿಯಲ್ಲಿ ತಪಾಸಣಾಧಿಕಾರಿಗಳು ಟಿಕೆಟ್ ಕೇಳಿದಾಗ, ಮೂವರಲ್ಲೊಬ್ಬನಾದ ನನ್ನ ಭಾವಮೈದುನ ಬೋವಾಚಿ ಕಣ್ಣುಜ್ಜಿಕೊಂಡು, "ನಾವು ಪ್ರಯಾಣಿಕರಲ್ಲ ಸಾರ್, ಸೀಟು ತುಂಬ್ಸೋರು. ಅದ್ಸರಿ, ಇದ್ಯಾವ ಊರು?" ಎಂದ. ಆದಕಾರಣ, ತಮ್ಮ ಅಮಾನತು ಆದೇಶ ನ್ಯಾಯವೇ.

೪. ಪಾಠ ಕಲಿತವನಾಗಿ, ಗುರುವಾರ ಹೆಂಡತಿಯ ವ್ಯಾನನ್ನು ಸರಿಯಾಗಿ ಆರಕ್ಕೆ ಹೊರಡಿಸಿದೆ. ಒಳಗೆ ಮುದುಕರೊಬ್ಬರೂ ಅವರ ಮೇಕೆಯೂ ಮಾತ್ರ ಇದ್ದರು. ಮರಳಿದಾಗ ಸೇರ್ವಾ, "ಗಡಿಯಾರ ನೋಡ್ಕೊಂಡು ಹೊರಟ್ಯಾ? ಗಡಿಯಾರ ಡೀಸೆಲ್ಲು ಹಾಕ್ಸುತ್ತಾ? ಕೊಡಿಲ್ಲಿ ಬೀಗದಕೈ!" ಎಂದಳು. ನೋಟಿಸು, ವಿಚಾರಣೆ ಯಾವುದೂ ಇಲ್ಲ. ಖಾಸಗಿ ವಲಯದ ವೇಗ ತಮಗೆ ತಿಳಿದದ್ದೇ.

ಆದ್ದರಿಂದ, ಎರಡೂ ವಲಯಗಳಿಂದ ಹೊರಬಿದ್ದಿರುವ ಕಾರಣ, ಮಕ್ಕಳ ಶಾಲೆ ತೆರೆಯುವ ದಿನ ಹತ್ತಿರ ಬಂದಿರುವ ಕಾರಣ, ಇಪ್ಪತ್ತು ವರ್ಷಗಳಲ್ಲಿ ಒಂದು ಕೋಳಿಗೂ ಗುದ್ದದಿರುವ ಕಾರಣ, ನನ್ನನ್ನು ಮರಳಿ ಸೇರಿಸಿಕೊಳ್ಳಬೇಕಾಗಿ ಬೇಡುತ್ತೇನೆ.

ಸದ್ಯಕ್ಕೆ ಎಲ್ಲಿಯೂ ಚಾಲಕನಲ್ಲದ, ತಮ್ಮ ವಿಶ್ವಾಸಿ,
ಕ್ವಾಕು ಅಡೊಮಾಕೊ

ಲಗತ್ತುಗಳು:
೧. ಅಮಾನತು ಆದೇಶದ ನಕಲು.
೨. ಬೋವಾಚಿಯ ಹೇಳಿಕೆ (ಊರಿಗೆ ಮರಳಿದ ನಂತರ ಬರೆಸಿದ್ದು).

ವಿಶೇಷ ಕೋರಿಕೆ: ಮೇಲಿನದು ಮಂಜೂರಾಗದಿದ್ದಲ್ಲಿ, ನಾನು ಸರ್ಕಾರಿ ಬಸ್ಸನ್ನೇ ಎರಡು ಗಂಟೆ ಹತ್ತು ನಿಮಿಷ ನಿಲ್ಲಿಸಿ ಸೀಟು ತುಂಬಿಸಿದ್ದು ನಿಜವೆಂದು ಒಂದು ಪ್ರಮಾಣಪತ್ರ ಮೊಹರು ಹಾಕಿ ಕೊಡಬೇಕು. ಹೆಂಡತಿಯ ಬಳಿ ಕೆಲಸ ಕೇಳಲು ಬೇಕಾಗಿದೆ.