ಮಾತು ಬೀಸುವ ಗಿರಣಿ

ಒಂದು ದಿನವಾದರೂ ನಗದೆ ಅಂಗಡಿ ಬಾಗಿಲು ಹಾಕಾಣ ಅಂತ ನೋಡ್ತೀನಿ. ಆಗಲ್ಲ. ಯಾರಾದರೊಬ್ಬರು ಬಂದೇ ಬರುತ್ತಾರೆ.

ಅಂಗಡಿ ಮಗಳದು. ಚಳ್ಳಕೆರೆಯಲ್ಲಿ ಜೆರಾಕ್ಸ್, ಟೈಪಿಂಗ್. ನನ್ನ ಹೆಂಡತಿ ತೀರಿಕೊಂಡ ಮೇಲೆ, "ಗೋಡೆ ನೋಡ್ಕೊಂಡು ಕೂರಬ್ಯಾಡ, ಬಾ ಅಪ್ಪ" ಅಂತ ಕರೆದು ಗಲ್ಲಾದಲ್ಲಿ ಕೂರಿಸಿದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ.

ಅವಳ ಕಂಪ್ಯೂಟರಿನಲ್ಲಿ ಹೊಸದೊಂದು ಬಂದಿದೆ. ನೆಟ್ಟಿನಲ್ಲಿರುವ ವಿಡಿಯೋದ ಲಿಂಕ್ ಕೊಟ್ಟರೆ ಅದರೊಳಗಿನ ಮಾತನ್ನೆಲ್ಲ ಬರೆದು ಕೊಡುತ್ತದೆ. ತಿಂಗಳ ಬಾಡಿಗೆ ಇಲ್ಲ. ಎಷ್ಟು ನಿಮಿಷವೋ ಅಷ್ಟಕ್ಕೆ ದುಡ್ಡು. ಹಿಟ್ಟಿನ ಗಿರಣಿ ಇದ್ದ ಹಾಗೆ. ತಂದಷ್ಟು ಬೀಸಿಸು, ಬೀಸಿದಷ್ಟಕ್ಕೆ ಕೊಡು.

ನಗು ಬರದ ವಿಷಯ ಒಂದೇ ಇತ್ತು. ಹೆಂಡತಿಯ ತಮ್ಮ, ಕೊಂಡ್ಲಹಳ್ಳಿಯವನು, ನನ್ನ ಕೂಡ ಮಾತು ಬಿಟ್ಟಿದ್ದ. ಹನ್ನೊಂದನೇ ದಿನದ ಎಡೆಗೆ ನಾನು ಹೋಳಿಗೆ ಇಡಿಸಿದ್ದೆ. "ಅಕ್ಕಂಗೆ ಇಷ್ಟ ಕರಿಗಡುಬು. ಇಷ್ಟು ವರ್ಷ ಬಾಳಿ ಅಷ್ಟೂ ಗೊತ್ತಿಲ್ವಾ?" ಅಂದ. ಮಾತಿಗೆ ಮಾತು ಬೆಳೆಯಿತು. ಎದ್ದು ಹೋದವನು ಮತ್ತೆ ಬರಲಿಲ್ಲ. ನಮ್ಮಲ್ಲಿ ತವರಿನ ಸೀರೆ ಬರದೆ ವರ್ಷದ ಎಡೆ ಇಡೋ ಹಂಗಿಲ್ಲ. ವರ್ಷ ಹತ್ತಿರ ಬಂದಿತ್ತು.

ನೀರು ಕುಡಿದದ್ದು

ನನ್ನಿವಾಳ ಅನ್ನೋ ಊರಿನ ತಾತ ಒಬ್ಬ ಬಂದ. ಶೇಂಗಾ ಬೆಳೆಯ ಬಗ್ಗೆ ಯಾರೋ ಸಾಹೇಬರು ಮಾತಾಡಿದ ವಿಡಿಯೋ. ಬರೆಸಬೇಕು. ನಿಮಿಷದ ಲೆಕ್ಕ ಅಂತ ಮಗಳು ಹೇಳಿದಳು.

"ನಡುವೆ ಸಾಹೇಬ್ರು ನೀರು ಕುಡೀತಾರೆ. ಅದಕ್ಕೂ ದುಡ್ಡಾ?"

"ಹೂಂ ತಾತ. ಮೀಟರ್ ಓಡ್ತಾನೇ ಇರ್ತತೆ."

ಹಾಳೆ ಕೈಗೆ ಬಂತು. ತಾತ ಜಾಗ ಹುಡುಕಿ ಬೆರಳಿಟ್ಟ. ನನ್ನ ಕೈಗೆ ಪೆನ್ನು ಕೊಟ್ಟ.

"ಯಜಮಾನ್ರೇ, ಇಲ್ಲಿ ನೀರು ಕುಡಿದ್ರು ಅಂತ ಬರೀರಿ. ದುಡ್ಡು ಕೊಟ್ಟೀನಿ."

ಬರೆದೆ. ಆಮೇಲೇ ಹೋದ.

ಇದೊಂದೇ ಪೀಸು

ಮೊಳಕಾಲ್ಮೂರಿನ ಹೆಣ್ಣುಮಗಳು ಒಬ್ಬರು ಮೊಬೈಲಿನಲ್ಲಿ ಲೈವ್ ಬಂದು ರೇಷ್ಮೆ ಸೀರೆ ಮಾರುತ್ತಾರೆ. ಯಾವ ಸೀರೆಗೆ ಏನು ರೇಟು ಹೇಳಿದ್ದೆ ಅನ್ನೋದು ಮರೆತು, ಕೊಳ್ಳುವವರ ಕೂಡ ದಿನಾ ತಕರಾರು. ಅದಕ್ಕೆ ಬರೆಸಲು ಬಂದರು.

ಹಾಳೆ ಜೋಡಿಸುತ್ತ ನಾನು ಓದಿದೆ. ಹಾಳೆಗೊಂದು ಸಾಲು ಓದುವುದೇ ನನಗೆ ದೊಡ್ಡ ಮಾತು. ಅದೇ ಸಾಲು ಎಲ್ಲ ಹಾಳೆಯಲ್ಲೂ ಸಿಕ್ಕಿತು.

"ಏನಮ್ಮ, 'ಇದೊಂದೇ ಪೀಸ್ ಉಳಿದಿರೋದು' ಅಂತ ಎಲ್ಲಾ ಹಾಳೆಯಾಗೂ ಐತಲ್ಲ?"

ಆಯಮ್ಮ ಹಾಳೆ ಕಿತ್ತುಕೊಂಡು ಬ್ಯಾಗಿಗೆ ಹಾಕಿಕೊಂಡರು.

"ಹಾಳೆಗೆ ಒಂದೇ ತಾನೇ ಐತೆ, ಬಿಡ್ರಿ."

ಚುಕ್ಕಿ ಚುಕ್ಕಿ

ಆಮೇಲೆ ಒಂದು ಮಧ್ಯಾಹ್ನ ಬಾಮೈದನೇ ಬಂದ. ನನ್ನ ಕಡೆ ನೋಡಲಿಲ್ಲ. ಮಗಳಿಗೆ ಹೇಳಿದ.

"ನಿಮ್ಮವ್ವನ ಕಾರ್ಯದ ವಿಡಿಯೋ ನೆಟ್ಟಿನಾಗೆ ಐತಲ್ಲ, ಹಾಕು. ಬರಬ್ಯಾಡ ಅಂದೋರು ಯಾರು ಅಂತ ಹಾಳೆ ಮ್ಯಾಲೆ ಬರ್ಲಿ."

ಬರಲಾಗದ ನೆಂಟರು ನೋಡಲಿ ಅಂತ ಆ ವಿಡಿಯೋ ಹಾಕಿಸಿದ್ದೆವು. ಕೊನೆಗೆ ನಮ್ಮ ಜಗಳವೂ ಅದರಲ್ಲಿ ಬಿದ್ದಿತ್ತು.

"ಹಾಕವ್ವ," ಅಂದೆ ನಾನೂ. "ಕಾಲಿಡಲ್ಲ ಅಂದೋನು ಯಾರು, ಅದೂ ಬರ್ಲಿ."

ಹಾಳೆ ಬಂತು. ನಾನು ಕೈ ಚಾಚಿದೆ.

"ನಿಮ್ಮಪ್ಪ ಓದೋದು ಬ್ಯಾಡ," ಅಂದ ಅವನು. "ಮುಗಿಯೋ ಹೊತ್ತಿಗೆ ನಾನು ನಾಳೆ ಬಸ್ಸಿಗೆ ಹೋಗ್ಬೇಕಾಗ್ತತೆ. ನೀನೇ ಓದು."

ಮಗಳು ಓದಿದಳು.

"ಒಂದನೆಯವರು: ಬಾವ, ನೀವು ದೊಡ್ಡೋರು. ಚುಕ್ಕಿ ಚುಕ್ಕಿ ಚುಕ್ಕಿ. ಎರಡನೆಯವರು: ನೀನು ನನ್ನ ತಮ್ಮ ಇದ್ದಂಗೆ. ಚುಕ್ಕಿ ಚುಕ್ಕಿ, ಅರ್ಧ ಹಾಳೆ ಚುಕ್ಕಿ. ಊಟ ಮಾಡ್ಕೊಂಡು ಹೋಗು. ಒಂದನೆಯವರು: ಕಾರ್ಯ ಚೆನ್ನಾಗಿ ಮಾಡಿದ್ರಿ ಬಾವ. ಚುಕ್ಕಿ."

ಜೆರಾಕ್ಸಿಗೆ ನಿಂತಿದ್ದವರು, "ಎಂಥ ಒಳ್ಳೇ ನೆಂಟರು ನೋಡು" ಅಂದುಕೊಂಡರು.

"ಇದೇನಿದು ಚುಕ್ಕಿ?" ಅಂದ ಬಾಮೈದ.

"ಮಾವ, ನಾನು ಕನ್ನಡ ಅಂತ ಒತ್ತಿದ್ದೆ. ನೀವಿಬ್ರೂ ಬೈದಾಡಿದ್ದು ತೆಲುಗಿನಾಗೆ. ಅದನ್ನ ಬಿಟ್ಟೈತೆ."

ನಿಜ. ನಮ್ಮ ಎರಡೂ ಮನೆಯಲ್ಲಿ ಮರ್ಯಾದೆ ಕನ್ನಡದಲ್ಲಿ, ಸಿಟ್ಟು ತೆಲುಗಿನಲ್ಲಿ.

"ತೆಲುಗು ಒತ್ತಿ ಇನ್ನೊಂದು ಸಲ ಹಾಕ್ಲಾ?" ಅಂದಳು.

"ಬ್ಯಾಡ!" ಇಬ್ಬರೂ ಒಟ್ಟಿಗೇ ಅಂದೆವು.

ಟೀ ತರಿಸಿದೆ. ಅರ್ಧ ಕುಡಿದು ಕೇಳಿದ.

"ಬಾವ, ಸೀರೆ ಯಾವ ಬಣ್ಣದ್ದು ತರ್ಲಿ?"

"ಹಸಿರು," ಅಂದೆ. ಟೀ ಮುಗಿಸಿ ಅವನ ಕೂಡ ಬಸ್ ಸ್ಟ್ಯಾಂಡಿನವರೆಗೂ ಹೋದೆ.

ವರ್ಷದ ದಿನ ಹಸಿರು ಸೀರೆ ತಂದ. ಅವನ ಮಾತು ಉಳಿಯಲಿ ಅಂತ ನಾನು ಕರಿಗಡುಬು ಮಾಡಿಸಿದ್ದೆ. ನನ್ನ ಮಾತು ಉಳಿಯಲಿ ಅಂತ ಅವನು ಹೋಳಿಗೆ ಕಟ್ಟಿಸಿಕೊಂಡು ಬಂದಿದ್ದ. ಎರಡನ್ನೂ ಇಟ್ಟೆವು. ನೆಂಟರಿಗೆ ಸಂತೋಷ. ಈ ಸಲವೂ ವಿಡಿಯೋದವನನ್ನು ಕರೆಸಿದ್ದೆವು. ಆ ಹೊತ್ತಿಗೆ ಮಗಳು ಪೇಪರ್ ಪೊಟ್ಟಣ ಬಿಚ್ಚಿ ಎಡೆಯ ಮಧ್ಯಕ್ಕೇ ಸುರಿದಳು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ.

"ಇದೇನವ್ವಾ?" ಅಂದೆ.

"ಅವ್ವಂಗೆ ಸಿಹಿ ಅಂದ್ರೇ ಆಗ್ತಿರ್ಲಿಲ್ಲ. ನಿಮ್ಮಿಬ್ರಿಗೆ ಇಷ್ಟ ಅಂತ ಮಾಡಿ ಬಡಿಸ್ತಿದ್ಲು. ಇಬ್ರಾಗೆ ಒಬ್ರಾದ್ರೂ ಕೇಳಿದ್ರಾ ಅವ್ವನ್ನ?"

ಅವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಬಾಮೈದ ತೆಲುಗಿನಲ್ಲಿ ಏನೋ ಗೊಣಗಿದ. ಆಮೇಲೆ ವಿಡಿಯೋದವನ ಕಡೆ ತಿರುಗಿ, ಗಟ್ಟಿಯಾಗಿ, ಸ್ವಚ್ಛ ಕನ್ನಡದಲ್ಲಿ ಅಂದ:

"ಲೇ, ಇದನ್ನ ನೆಟ್ಟಿಗೆ ಹಾಕ್ಬ್ಯಾಡ!"