ಹಾರ ಹಾಕಿಸಿಕೊಂಡ ಗ್ರಿಲ್

ನನ್ನ ಹೊಟ್ಟೆಕಿಚ್ಚಿಗೆ ಸಿಲಿಂಡರ್ ಬೇಕಾಗಿಲ್ಲ. ಪಕ್ಕದ ಮನೆಯವರು ಹೊಸ ಬಕೆಟ್ ತಂದರೂ ಸಾಕು, ತಾನೇ ಹತ್ತಿಕೊಳ್ಳುತ್ತದೆ. ರಾಣೆಬೆನ್ನೂರು ಕಡೆಯ ಹಳ್ಳಿಯಲ್ಲಿ ಹುಟ್ಟಿ, ಕೋಲ್ಕತ್ತಾದ ಖಿದಿರ್‌ಪುರದ ಬಂದರಿನಲ್ಲಿ ಕ್ರೇನ್ ರಿಪೇರಿ ಮಾಡುವ ಗಂಡು ನಾನು. ಹಡಗಿನ ಸಾಮಾನು ಎತ್ತುವ ಯಂತ್ರ ನನ್ನ ಮಾತು ಕೇಳುತ್ತದೆ. ನನ್ನ ಹೊಟ್ಟೆ ಮಾತ್ರ ಕೇಳುವುದಿಲ್ಲ. ಹಾಗಾಗಿ ನನ್ನ ಹಿತ್ತಲಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ.

ಹಳೇ ಹುಲಿ

ನಮ್ಮ ಮನೆ ಇರುವುದು ಡಮ್ ಡಮ್‌ನಲ್ಲಿ. ಕೆಳಗಡೆ ನಾನು, ನನ್ನ ಹೆಂಡತಿ. ಮೇಲ್ಗಡೆ ಮನೆಯ ಒಡತಿ, ವಯಸ್ಸಾದ ಬಂಗಾಳಿ ಹೆಂಗಸು. ಓಣಿಗೆಲ್ಲ ಅವರು ಮಾಶಿಮಾ, ಅಂದರೆ ಚಿಕ್ಕಮ್ಮ; ನಮಗೂ ಮಾಶಿಮಾ. ಹಿಂದೆ ಪುಟ್ಟ ಹಿತ್ತಲು, ಒಂದು ಪೇರಲ ಗಿಡ, ಮತ್ತು ನನ್ನ ಗ್ಯಾಸ್ ಗ್ರಿಲ್. ಕೋಳಿ, ಮೀನು, ಬದನೆಕಾಯಿ, ಮೆಕ್ಕೆಜೋಳ ಏನಿಟ್ಟರೂ ಸುಡುವ, ಕಬ್ಬಿಣದ ಜಾಲರಿಯ ದೊಡ್ಡ ಒಲೆ ಅನ್ನಿ.

ಹಡಗಿನ ಅಧಿಕಾರಿಯೊಬ್ಬರು ಊರು ಬಿಡುವಾಗ ನನಗೆ ಕೊಟ್ಟುಹೋದದ್ದು ಅದು. ಮೂರು ಬರ್ನರ್‌ಗಳಲ್ಲಿ ಒಂದಕ್ಕೆ ಮಾತ್ರ ಜೀವ ಇತ್ತು. ತಿರುಗಿಸುವ ಗುಂಡಿ ಯಾವತ್ತೋ ಮುರಿದಿತ್ತು. ಒಳಗಿನ ಕಡ್ಡಿಯನ್ನು ನನ್ನ ವರ್ಕ್‌ಶಾಪಿನ ಪಕ್ಕಡದಲ್ಲಿ ಕಚ್ಚಿ ಹಿಡಿದು ತಿರುಗಿಸಬೇಕು. ಎಡಗಡೆ ಇಟ್ಟದ್ದು ಕರಕಲು, ಬಲಗಡೆ ಇಟ್ಟದ್ದು ಹಸಿ. ಅದಕ್ಕೇ ನಾನು ಕೋಳಿ ತುಂಡುಗಳನ್ನು ಬಸ್ಸಿನ ಕಂಡಕ್ಟರನಂತೆ ಒಂದೇ ಸಮನೆ ಹಿಂದೆ ಮುಂದೆ ಸರಿಸುತ್ತಿದ್ದೆ. ಕೇಳಿದವರಿಗೆ, "ಇದು ನಮ್ಮೂರಿನ ಪದ್ಧತಿ," ಅನ್ನುತ್ತಿದ್ದೆ. ನಮ್ಮೂರಲ್ಲಿ ಗ್ರಿಲ್ ಕಂಡವರೇ ಇಲ್ಲ.

ಆದರೂ ಭಾನುವಾರ ಬಂತೆಂದರೆ ಸುತ್ತಮುತ್ತಲಿನ ನಾಲ್ಕೈದು ಕನ್ನಡದ ಮನೆಯವರು ನನ್ನ ಹಿತ್ತಲಿಗೇ ಬರುವುದು. ಮಾಶಿಮಾ ಅಂತೂ ತರಕಾರಿಯವನಿಗೆ ಇಳಿಬಿಡುವ ಹಗ್ಗದ ಬುಟ್ಟಿಯನ್ನೇ ಮೇಲಿಂದ ನನ್ನ ಗ್ರಿಲ್ಲಿನ ಪಕ್ಕಕ್ಕೆ ಇಳಿಬಿಡುತ್ತಿದ್ದರು. ಮೊದಲ ತುಂಡು ಆ ಬುಟ್ಟಿಗೆ. ಬುಟ್ಟಿ ಮೇಲಕ್ಕೆ ಹೋಗುವಾಗ ಇಡೀ ಹಿತ್ತಲು ತಲೆಯೆತ್ತಿ ನೋಡುತ್ತಿತ್ತು. ನಾನು ಇಕ್ಕಳ ಹಿಡಿದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದೆ. ಬಂದರಿನ ಕ್ರೇನ್ ಅಷ್ಟು ಭಾರ ಎತ್ತಿದಾಗಲೂ ನನಗೆ ಅಷ್ಟು ಹೆಮ್ಮೆ ಆದದ್ದಿಲ್ಲ.

ಪಕ್ಕದ ಮನೆಗೆ ಕುಂದಾಪುರ ಕಡೆಯ ಬ್ಯಾಂಕಿನವರು ಬಾಡಿಗೆಗೆ ಬಂದರು. ಅವರ ಹಿತ್ತಲಿಗೂ ನಮ್ಮದಕ್ಕೂ ನಡುವೆ ಎದೆಮಟ್ಟದ ಗೋಡೆ. ಎರಡು ಭಾನುವಾರ ನನ್ನ ಕೋಳಿ ತಿಂದು ಬಾಯಿ ಚಪ್ಪರಿಸಿದರು. ಮೂರನೇ ಭಾನುವಾರ ಗೋಡೆಯಾಚೆ ಹೊಗೆ ಕಾಣಿಸಿತು. ಆಮೇಲೆ ಸುಟ್ಟ ಮೀನಿನ ವಾಸನೆ. ಆಮೇಲೆ ನನ್ನ ಕಣ್ಣೆದುರೇ ಮಾಶಿಮಾರ ಬುಟ್ಟಿ ನನ್ನ ಕಡೆ ಅರ್ಧ ಇಳಿದು, ನಿಂತು, ಮೇಲಕ್ಕೆ ಹೋಯಿತು. ಬಾಲ್ಕನಿಯ ಇನ್ನೊಂದು ಮೂಲೆಯಿಂದ ಇಳಿಯಿತು. ಗೋಡೆಯಾಚೆ.

ಹೆಂಡತಿ ನನ್ನ ಮುಖ ನೋಡಿ, "ಗ್ಯಾಸ್ ಬಂದ್ ಮಾಡ್ರಿ, ಕೋಳಿ ಸುಡಾಕ ನೀವಾ ಸಾಕು," ಅಂದಳು.

ಎಷ್ಟು ಡಿಗ್ರಿ?

ನೋಡಲೇಬೇಕಲ್ಲ. ಅವರ ಮನೆಯ ಬಟ್ಟಲು ವಾಪಸ್ ಕೊಡುವ ನೆಪ ಮಾಡಿಕೊಂಡು ಹೋದೆ. ಇದ್ದಿಲಿನ ಗ್ರಿಲ್ ಅದು. ದುಂಡಗೆ, ಕೆಂಪಗೆ, ಮೂರು ಕಾಲಿನ ಮೇಲೆ ನಿಂತ ಡೋಲಿನ ಹಾಗೆ. ಮೇಲೊಂದು ಮುಚ್ಚಳ, ಮುಚ್ಚಳದಲ್ಲಿ ಗಡಿಯಾರದಂಥ ಮಾಪಕ. ಬ್ಯಾಂಕಿನವರು ಅದನ್ನು ಹೊಸ ಅಳಿಯನನ್ನು ಪರಿಚಯಿಸಿದಂತೆ ಪರಿಚಯಿಸಿದರು.

"ಇಲ್ಲಿ ನೋಡು ಮಾರಾಯ, ಒಳಗೆ ಎಷ್ಟು ಬಿಸಿ ಉಂಟು ಅಂತ ಇದೇ ಹೇಳ್ತದೆ. ನೀನು ಸುಮ್ಮನೆ ಆಚೆ ಈಚೆ ಓಡಾಡೂದು ಬೇಡ."

ಆಚೆ ಈಚೆ ಓಡಾಡೂದು! ನನ್ನ ಪದ್ಧತಿಗೆ ಅವರಿಟ್ಟ ಹೆಸರು ಅದು. ನನಗೆ ತಡೆಯಲಿಲ್ಲ. "ನಮ್ಮೂರಾಗ ಮಾಪಕ ಯಾರಿಗೆ ಬೇಕ್ರಿ ಸರ? ಕೈ ಇಟ್ಟು ಬೆಂಕಿ ಅಳೀತೀವಿ," ಅಂದೆ. ಅಂದವನು ಸುಮ್ಮನಿರಬೇಕಿತ್ತು. ಬಲಗೈಯನ್ನು ಹೆಮ್ಮೆಯಿಂದ ಮುಚ್ಚಳದ ಮೇಲೆ ಇಟ್ಟೆ.

ಕೂಗಲಿಲ್ಲ, ಅದು ನನ್ನ ದೊಡ್ಡಸ್ತಿಕೆ. ಕೈಯನ್ನು ನಿಧಾನ ಪ್ಯಾಂಟಿನ ಜೇಬಿಗೆ ಇಳಿಸಿ, "ಹದವಾಗೈತಿ," ಅಂದೆ. ಅಷ್ಟರಲ್ಲಿ ಅವರ ಹೆಂಡತಿ ತಟ್ಟೆಯಲ್ಲಿ ಮೀನು ತಂದರು. ಮಸಾಲೆ ಮೆತ್ತಿ ಸುಟ್ಟ ಇಡೀ ಮೀನು, ಮೇಲೆ ನಿಂಬೆಹಣ್ಣು. ಬಲಗೈ ಜೇಬಿನಲ್ಲಿ ಬೇಯುತ್ತಿದೆ, ಎಡಗೈಯಲ್ಲಿ ತಿನ್ನುವ ಹಾಗಿಲ್ಲ. "ಈಗಷ್ಟೇ ಊಟ ಆಗೇತ್ರಿ ಅಕ್ಕಾರ," ಅಂದೆ. ಬಾಯಲ್ಲಿ ನೀರು, ಕಣ್ಣಲ್ಲೂ ನೀರು.

ಮನೆಯಲ್ಲಿ ಹೆಂಡತಿ ಅಂಗೈಗೆ ಮುಲಾಮು ಸವರಿದಳು, ಊದಿದಳು. ಕೊನೆಗೆ ಕೇಳಿದಳು: "ಎಷ್ಟು ಡಿಗ್ರಿ ಇತ್ತ್ರಿ?"

ಎಲ್ಲಕ್ಕಿಂತ ದೊಡ್ಡದು

ಆಮೇಲಿನ ಭಾನುವಾರಗಳಲ್ಲಿ ಜನ ಮೊದಲು ಗೋಡೆಯಾಚೆ ಹೋಗಿ, ಹೊಟ್ಟೆ ತುಂಬಿಸಿಕೊಂಡು, ಮರ್ಯಾದೆಗೆ ನನ್ನ ಕಡೆ ಬಂದು ಹೋಗತೊಡಗಿದರು. ಸತ್ತ ಮನೆಗೆ ಬಂದಂತೆ ಬರುತ್ತಿದ್ದರು. ಬುಟ್ಟಿಯಂತೂ ಈ ಕಡೆ ಇಳಿಯುವುದನ್ನೇ ಮರೆಯಿತು. ಹೊಸ ಗ್ರಿಲ್ ತರುವುದೇ ಸೈ ಅಂತ ತೀರ್ಮಾನಿಸಿದೆ.

ಅಂಗಡಿಯವನು ಒಳ್ಳೆಯ ಮನುಷ್ಯ. ಹಿಂದಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದ. ಇದ್ದಿಲಿನದರಲ್ಲಿ ಹೊಗೆಯ ರುಚಿ ಇರುತ್ತದೆ, ಆದರೆ ಹೊತ್ತಿಸುವುದಕ್ಕೆ ತಾಳ್ಮೆ ಬೇಕು, ಬೂದಿ ಬಳಿಯಬೇಕು. ಗ್ಯಾಸಿನದು ಗುಂಡಿ ತಿರುಗಿಸಿದರೆ ಆಯಿತು. ಕರೆಂಟಿನದು ಮಳೆಗಾಲದಲ್ಲಿ ಮನೆಯೊಳಗೂ ನಡೆಯುತ್ತದೆ. ಹಿತ್ತಲು ಎಷ್ಟಗಲ, ದಿನಾ ಏನು ಸುಡುತ್ತೀರಿ, ಎಷ್ಟು ಜನ ಎಂದೆಲ್ಲ ಕೇಳಿದ.

ಹೆಂಡತಿ ಪ್ರಾಮಾಣಿಕವಾಗಿ, "ಇಬ್ಬರೇ. ಬದನೆಕಾಯಿ," ಅಂದಳು.

ಅವನು ಟೇಬಲ್ಲಿನ ಮೇಲಿಡುವ ಚಿಕ್ಕದೊಂದನ್ನು ತೋರಿಸಿದ. ನಾನು ಅದರ ಕಡೆ ನೋಡಲೇ ಇಲ್ಲ. ನನ್ನದು ಒಂದೇ ಪ್ರಶ್ನೆ ಇತ್ತು: ಕೆಂಪಗೆ, ದುಂಡಗೆ ಒಂದು ಬರುತ್ತದಲ್ಲ, ಅದಕ್ಕಿಂತ ದೊಡ್ಡದು ಯಾವುದು? ಎಲ್ಲವೂ ದೊಡ್ಡವೇ ಅಂದ. ಹಾಗಾದರೆ ಎಲ್ಲಕ್ಕಿಂತ ದೊಡ್ಡದು ತೋರಿಸು ಅಂದೆ.

ಅಂಗಡಿಯ ಹಿಂಭಾಗದಲ್ಲಿ ನಿಂತಿತ್ತು. ನಾಲ್ಕು ಬರ್ನರ್, ಪಕ್ಕದಲ್ಲಿ ಇದ್ದಿಲಿಗೆ ಬೇರೆ ತೊಟ್ಟಿ, ಕೆಳಗೆ ಕಪಾಟು, ನಾಲ್ಕು ಗಾಲಿ, ಒಂದಲ್ಲ ಎರಡು ಮಾಪಕ. ನಿಂತರೆ ನನ್ನ ಎದೆಗೆ ಬರುತ್ತಿತ್ತು. ಮುಚ್ಚಳ ಎತ್ತಿದರೆ ಹೆಂಡತಿ ಒಳಗೆ ಮಲಗಬಹುದಿತ್ತು. ಆ ಮಾತನ್ನು ಅವಳೆದುರು ಆಡಿದ್ದು ತಪ್ಪಾಯಿತು. ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಕೊಡುತ್ತೇವೆ, ಸಾಗಿಸುವುದು ಸುಲಭ ಅಂದ ಅಂಗಡಿಯವನು. ಬೇಡ, ಪೂರ್ತಿ ಜೋಡಿಸಿಯೇ ಕೊಡು ಅಂದೆ. ಪೆಟ್ಟಿಗೆಯಲ್ಲಿ ಬಂದರೆ ಓಣಿಯವರು ಏನು ನೋಡುತ್ತಾರೆ?

ಹೊರಡುವಾಗ ಅವನು ಬಹಳ ಗೌರವದಿಂದ ಕೇಳಿದ: "ಸಾಹೇಬರ ಹೋಟೆಲ್ ಇರೋದು ಎಲ್ಲಿ?"

ಓಣಿಗೆ ದೇವರು ಬಂದ

ಸೈಕಲ್ ವ್ಯಾನಿನಲ್ಲಿ, ಅಂದರೆ ಪೆಡಲ್ ತುಳಿಯುವ ಮೂರು ಗಾಲಿಯ ಗಾಡಿಯಲ್ಲಿ, ಗ್ರಿಲ್ ನಿಲ್ಲಿಸಿಕೊಂಡು ಹೊರಟಾಗ ಜಿಟಿಜಿಟಿ ಮಳೆ ಶುರುವಾಯಿತು. ವ್ಯಾನಿನವನು ತನ್ನ ಹತ್ತಿರ ಇದ್ದ ಕೆಂಪು ಬಟ್ಟೆಯನ್ನು ತಲೆಯಿಂದ ಕಾಲಿನವರೆಗೆ ಹೊದಿಸಿ ಹಗ್ಗ ಬಿಗಿದ. ನಾಲ್ಕು ಜನ ನೋಡಲಿ ಅಂತ ಜೋಡಿಸಿ ತಂದದ್ದು, ಮುಸುಕು ಹಾಕಿಕೊಂಡೇ ಓಣಿಗೆ ಬಂತು.

ಮಾರನೆಯ ದಿನ ವಿಶ್ವಕರ್ಮ ಪೂಜೆ. ಕೋಲ್ಕತ್ತಾದಲ್ಲಿ ಯಂತ್ರ, ಹತಾರುಗಳ ಹಬ್ಬ ಅದು, ನಮ್ಮ ಆಯುಧಪೂಜೆ ಇದ್ದ ಹಾಗೆ. ಹಿಂದಿನ ದಿನ ಊರ ತುಂಬ ವ್ಯಾನುಗಳಲ್ಲಿ ಬಟ್ಟೆ ಹೊದ್ದ ದೇವರ ಮೂರ್ತಿಗಳೇ ಓಡಾಡುತ್ತಿರುತ್ತವೆ. ನಮ್ಮ ವ್ಯಾನು ಓಣಿಯ ಬಾಯಿಗೆ ಬರುತ್ತಲೇ ಚಹಾ ಅಂಗಡಿಯಲ್ಲಿ ಕೂತವರು ಎದ್ದು ನಿಂತು ಕೈ ಮುಗಿದರು. ಒಬ್ಬರು ಚಪ್ಪಲಿ ಬಿಟ್ಟು ವ್ಯಾನ್ ನೂಕತೊಡಗಿದರು. ಮಾಶಿಮಾ ಬಾಲ್ಕನಿಯಿಂದಲೇ ಶಂಖ ಊದಿದರು. ಎದುರು ಮನೆಯ ಹೆಂಗಸರು ನಾಲಗೆ ಆಡಿಸಿ ಉಲೂ ಉಲೂ ಅಂತ ಮಂಗಳಧ್ವನಿ ಮಾಡಿದರು.

"ಹೇಳ್ರಿ, ದೇವರಲ್ಲ ಅಂತ ಹೇಳ್ರಿ," ಹೆಂಡತಿ ಪಿಸುಗುಟ್ಟಿದಳು. ನಾನು ಹೇಳಲಿಲ್ಲ. ಯಾಕೆ ಹೇಳಲಿ? ಬ್ಯಾಂಕಿನವರ ಕೆಂಪು ಡೋಲು ಬಂದಾಗ ಯಾರಾದರೂ ಶಂಖ ಊದಿದ್ದರೇ?

ನಮ್ಮ ಮನೆಯ ಪಕ್ಕದ ಸಂದಿಯಲ್ಲಿ ಅದು ಹಿಡಿಯಲಿಲ್ಲ. ಹಿತ್ತಲಿಗೆ ಒಯ್ಯಲು ಉಳಿದದ್ದು ಒಂದೇ ದಾರಿ: ಬ್ಯಾಂಕಿನವರ ದೊಡ್ಡ ಗೇಟಿನಿಂದ ಹೋಗಿ ನಡುವಿನ ಗೋಡೆ ದಾಟಿಸುವುದು. ಅವರು ಶಂಖದ ಸದ್ದಿಗೆ ಆಗಲೇ ಹೊರಗೆ ಬಂದಿದ್ದರು. ಚಪ್ಪಲಿ ಬಿಟ್ಟು, ತಲೆಗೆ ಟವೆಲ್ ಸುತ್ತಿ, ಮುಂದಿನ ಮೂಲೆಗೆ ತಾವೇ ಹೆಗಲು ಕೊಟ್ಟರು. "ನಿಧಾನ ಮಾರಾಯ, ದೇವರು ಓರೆ ಆಗಬಾರದು," ಅನ್ನುತ್ತ, ಬೆವರು ಸುರಿಸುತ್ತ, ನನ್ನ ಗ್ರಿಲ್ಲನ್ನು ನನ್ನ ಹಿತ್ತಲಿಗೆ ಇಳಿಸಿದರು. ಇಳಿಸಿ ಕೈ ಮುಗಿದರು.

ಹಗ್ಗ ಸಡಿಲಾಗಿ, ಗಾಳಿಗೆ ಬಟ್ಟೆ ಒಂದು ಕಡೆ ಹಾರಿತು. ಒಳಗಿಂದ ಎರಡೂ ಮಾಪಕಗಳು ಅವರನ್ನು ನೋಡಿದವು. ಅವರು ಜೋಡಿಸಿದ ಕೈಯನ್ನು ಬಿಡಿಸಲೂ ಮರೆತು, "ನಾಲ್ಕು ಬರ್ನರಾ?" ಅಂದರು.

ಒಲೆಯೋ, ಯಂತ್ರವೋ?

ಮರುದಿನ ನನಗೂ ರಜೆ. ಎಲ್ಲ ಮನೆಯವರನ್ನೂ ಮಧ್ಯಾಹ್ನದ ಊಟಕ್ಕೆ ಕರೆದಿದ್ದೆ. ಕೋಳಿ ಮಸಾಲೆಯಲ್ಲಿ ನೆನೆದಿತ್ತು. ಗೋಡೆಯಾಚೆಗೂ ಕೇಳಲಿ ಅಂತ ಕೂಗಿಯೇ ಕರೆದಿದ್ದೆ.

ಬೆಳಿಗ್ಗೆ ಮಾಶಿಮಾ ಹೂವು, ಧೂಪ ಹಿಡಿದು ಇಳಿದು ಬಂದರು. ಶಂಖ ಊದಿಸಿಕೊಂಡು ಬಂದದ್ದಕ್ಕೆ ಪೂಜೆ ಆಗಲೇಬೇಕು ಅಂದರು. ಸೊಂಟಕ್ಕೆ ಕೈಯಿಟ್ಟು ಗ್ರಿಲ್ಲನ್ನು ಸುತ್ತಿ ನೋಡಿ ಕೇಳಿದರು: "ಇದು ಒಲೆಯೋ, ಯಂತ್ರವೋ?"

ಗೋಡೆಯ ಮೇಲೆ ಬ್ಯಾಂಕಿನವರ ತಲೆ ಕಾಣುತ್ತಿತ್ತು. ನಾನು ಎದೆ ಸೆಟೆಸಿ, "ಒಲೆ ಅಂದ್ರ ಆ ಮೂಲ್ಯಾಗ ಬಿದ್ದೈತಲ್ಲ, ಆ ಹಳೇದು. ಇದು ಯಂತ್ರ," ಅಂತ ಕನ್ನಡದಲ್ಲಿ ಅವರಿಗೂ, ಹಿಂದಿಯಲ್ಲಿ ಮಾಶಿಮಾಗೂ ಹೇಳಿದೆ.

ಚೆಂಡುಹೂವಿನ ಹಾರ ಬಿತ್ತು. ನಾಲ್ಕೂ ಗುಂಡಿಗೆ ಕುಂಕುಮ. ನನ್ನ ಪಕ್ಕಡ, ಸ್ಪ್ಯಾನರುಗಳನ್ನೂ ಅದರ ಮುಂದೆ ಸಾಲಾಗಿ ಇಟ್ಟೆ. ಅದನ್ನು ಗೋಡೆಯಾಚೆಯ ತಲೆಗೆ ಸಹಿಸಲಾಗಲಿಲ್ಲ. ಹತ್ತೇ ನಿಮಿಷದಲ್ಲಿ ಬ್ಯಾಂಕಿನವರು ಕೆಂಪು ಡೋಲನ್ನು ಅಪ್ಪಿಕೊಂಡು ಬಂದರು. "ನಮ್ಮದೂ ಯಂತ್ರವೇ. ನಿನ್ನದಕ್ಕೊಂದೇ ಹಾರ ಹಾಕೂದು ಎಂತ ನ್ಯಾಯ ಮಾರಾಯ?" ಅದಕ್ಕೂ ಹಾರ ಬಿತ್ತು. ಅವರದ್ದು ನನ್ನದಕ್ಕಿಂತ ಒಂದು ಗೇಣು ಉದ್ದ ಇತ್ತು. ನಾನು ಅಳೆದು ನೋಡಿದೆ.

ಜನ ಬರತೊಡಗಿದರು. ಆಕಾಶದ ತುಂಬ ಹಬ್ಬದ ಗಾಳಿಪಟ. ಮಾಶಿಮಾ ಮೇಲೆ ಹೋಗಿದ್ದರು. ನಾನು ಎಲ್ಲರೂ ನೋಡುವಂತೆ ತೋಳು ಮಡಚಿ, ಗುಂಡಿಗೆ ಕೈ ಹಾಕಿದೆ.

ಬಾಲ್ಕನಿಯಿಂದ ಗುಡುಗು ಬಂತು. ಪೂಜೆ ಆದ ಯಂತ್ರವನ್ನು ಇವತ್ತು ಮುಟ್ಟುವ ಹಾಗಿಲ್ಲ, ಅದಕ್ಕೆ ಇಡೀ ದಿನ ವಿಶ್ರಾಂತಿ, ನಿಮ್ಮ ಬಂದರಿನಲ್ಲಿ ಇವತ್ತು ಕ್ರೇನ್ ಓಡುತ್ತದೆಯೇ ಅಂತ ಕೇಳಿದರು. ಓಡುವುದಿಲ್ಲ. ನಮ್ಮೂರಲ್ಲೂ ಆಯುಧಪೂಜೆಯ ದಿನ ಟ್ರ್ಯಾಕ್ಟರ್ ಮುಟ್ಟುವುದಿಲ್ಲ. ನಾನು ಮೆತ್ತಗೆ, ಇದು ಅಡಿಗೆ ಮಾಡುವುದು, ಒಂದು ಲೆಕ್ಕದಲ್ಲಿ ಒಲೆಯೇ ಅಂದೆ. ಬೆಳಿಗ್ಗೆ ಏನು ಹೇಳಿದೆ ಅಂತ ಮಾಶಿಮಾ ಕೇಳಿದರು. ಇಡೀ ಹಿತ್ತಲು ನನ್ನನ್ನು ನೋಡಿತು. ಬ್ಯಾಂಕಿನವರ ಮುಖದಲ್ಲಿ ನಗು ಅರಳಿತು. ತಮ್ಮ ಡೋಲಿನ ಕೊರಳಲ್ಲಿದ್ದ ಹಾರ ಕಂಡದ್ದೇ ಆ ನಗು ಬಾಡಿತು.

ಹಸಿದ ಜನ, ಹಸಿ ಕೋಳಿ, ಹಾರ ಹಾಕಿಕೊಂಡ ಎರಡು ಗ್ರಿಲ್ಲು. ನನ್ನ ಹೆಂಡತಿ ಮೂಲೆಯ ಹಳೇ ಗ್ರಿಲ್ಲಿನ ಮೇಲಿದ್ದ ಗೋಣಿಚೀಲ ತೆಗೆದಳು. ಪಕ್ಕಡವೂ ವಿಶ್ರಾಂತಿಯಲ್ಲಿತ್ತಲ್ಲ, ಒಳಗಿಂದ ಅಡಿಗೆಮನೆಯ ಇಕ್ಕಳ ತಂದು ಕಡ್ಡಿ ತಿರುಗಿಸಿದಳು. ಭುಸ್ ಅಂತ ಹತ್ತಿತು.

"ಅಡಿಗಿಮನಿ ಸಾಮಾನಿಗೆ ಯಾವ ದೇವರೂ ರಜಾ ಕೊಟ್ಟಿಲ್ಲ," ಅಂದಳು.

ಕೋಳಿ ಏರಿತು. ಬ್ಯಾಂಕಿನವರು ಮನೆಯಿಂದ ಮೀನು ತಂದರು. ಎಡಗಡೆ ನಾನು, ಬಲಗಡೆ ಅವರು. ನಾನು ಸರಿಸಿದ್ದನ್ನು ಅವರು ಹಿಡಿದು ಮಗುಚುವುದು, ಅವರು ದೂಡಿದ್ದನ್ನು ನಾನು ಹಿಡಿಯುವುದು. ಒಂದೇ ಬರ್ನರಿನ ಸುತ್ತ ಇಬ್ಬರೂ ಆಚೆ ಈಚೆ ಓಡಾಡಿ ಓಡಾಡಿ ಬೆವೆತೆವು. ನೋಡುತ್ತೇನೆ, ಬುಟ್ಟಿ ಇಳಿಯಿತು. ನನ್ನ ಕಡೆ. ಮೇಲಕ್ಕೆ ಹೋಯಿತು, ಖಾಲಿಯಾಗಿ ಮತ್ತೆ ಇಳಿಯಿತು.

ಐಟಿ ಕಂಪನಿಗಳಿರುವ ಸೆಕ್ಟರ್ ಫೈವ್‌ನಿಂದ ತಡವಾಗಿ ಬಂದ ಗಂಡಹೆಂಡಿರಿಗೆ ಮುಂದೆ ನಿಂತಿದ್ದ ದೊಡ್ಡ ಗ್ರಿಲ್ಲಷ್ಟೇ ಕಂಡಿತ್ತು. ಗಂಡ ಕೋಳಿಯ ಕಾಲು ಕಡಿಯುತ್ತ, "ಹೊಸದು ಅಂದ್ರೆ ಹೊಸದೇ ಸಾರ್. ನಿಮ್ಮ ಆ ಹಳೇ ಡಬ್ಬದಲ್ಲಿ ಈ ರುಚಿ ಎಲ್ಲಿತ್ತು?" ಅಂದರು. ನಾನೂ ಬ್ಯಾಂಕಿನವರೂ ಮುಖ ಮುಖ ನೋಡಿಕೊಂಡೆವು.

ಎಲ್ಲರೂ ಹೋದ ಮೇಲೆ ಅವರು ಹಳೇ ಗ್ರಿಲ್ಲಿನ ಪಕ್ಕ ನಿಂತು, ಅದರ ಬೆನ್ನು ಸವರುತ್ತ, ದನಿ ತಗ್ಗಿಸಿದರು. "ಹೇಗೂ ಗುಜರಿಗೆ ಹಾಕುವವ ನೀನು. ಇದನ್ನು ನನಗೆ ಕೊಡು ಮಾರಾಯ. ಬದಲಿಗೆ ಆ ಕೆಂಪಿನದ್ದು ನೀನೇ ಇಟ್ಟುಕೋ."

ಆ ಕೆಂಪು ಡೋಲು! ಅದಕ್ಕಾಗಿ ಕೈ ಸುಟ್ಟುಕೊಂಡೆ, ಅದಕ್ಕಾಗಿ ಓಣಿಗೆಲ್ಲ ಸುಳ್ಳು ದೇವರನ್ನು ತಂದೆ. ಈಗ ತಾನಾಗಿ ಬರುತ್ತೇನೆ ಅನ್ನುತ್ತಿದೆ. ಹೂಂ ಅಂದಿದ್ದರೆ ಮುಗಿದಿತ್ತು. ಆದರೆ ಹಳೇ ಡಬ್ಬದ ಮೇಲೆ ಅವರು ಕೈಯಾಡಿಸುತ್ತಿದ್ದ ರೀತಿ ನೋಡಿದೆ ನೋಡಿ, ನನ್ನ ಹೊಟ್ಟೆಯಲ್ಲಿ ಸಿಲಿಂಡರಿಲ್ಲದೆ ಹತ್ತಿಕೊಂಡಿತು.

"ಕೊಡೂದಿಲ್ರಿ ಸರ," ಅಂದೆ.

ಈಗ ನನ್ನ ಹಿತ್ತಲಲ್ಲಿ ಎರಡು ಗ್ರಿಲ್ ಇವೆ. ನಾಲ್ಕು ಬರ್ನರಿನ ಯಂತ್ರದ ಮೇಲೆ ಹೆಂಡತಿ ಸಂಡಿಗೆ ಒಣಗಿಸುತ್ತಾಳೆ; ಅದು ರಾತ್ರಿ ಹಗಲು ಬಯಲಲ್ಲೇ ನಿಂತಿರುತ್ತದೆ. ಹಳೇದನ್ನು ಮಾತ್ರ ಪೇರಲ ಗಿಡಕ್ಕೆ ಸರಪಳಿಯಿಂದ ಬಿಗಿದು ಬೀಗ ಜಡಿದಿದ್ದೇನೆ. ಏನು ಮಾಡುವುದು, ಗೋಡೆ ಗಿಡ್ಡ.